ಅಳಿವೆ ಬಾಯಲ್ಲಿ ಇಂಜಿನ್ ನಿಲ್ಲದಿರಲಿ

ಕಡಲ ತಾಯೇ, ನೂಲಹುಣ್ಣಿಮೆಯಂದು ಊರವರೆಲ್ಲ ಸೇರಿ ನಿನಗೆ ಹಾಲೆರೆದು, ತೆಂಗಿನಕಾಯಿ ಒಪ್ಪಿಸಿ ಬೇಡಿಕೊಳ್ಳುವುದು ಇದ್ದೇ ಇದೆ. ಅದಕ್ಕೆ ಮೊದಲು, ಆಷಾಢದ ಈ ಮಳೆಯಲ್ಲಿ, ಗಂಗೊಳ್ಳಿಯ ದಡದಲ್ಲಿ ಔಟ್‌ಬೋರ್ಡ್ ಇಂಜಿನ್ ಬಿಚ್ಚಿಕೊಂಡು ಕೂತವನ ಬೇಡಿಕೆಯನ್ನೂ ಕೇಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ನಿನ್ನ ಮೇಲೆ ಬರುವಂತಿಲ್ಲ. ಆಗ ಹೊರಡುವುದು 10 ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿದ ನಾಡದೋಣಿಗಳು. ನೀನು ಅತಿ ಒರಟಾಗಿರುವ ಕಾಲಕ್ಕೆ ಅತಿ ಸಣ್ಣ ಇಂಜಿನ್‌ಗಳ ಸರದಿ ಬರುತ್ತದೆ.

ಬಂಗುಡೆ, ಬೂತಾಯಿ, ಸಿಗಡಿಯನ್ನು ನಿನ್ನ ಹತ್ತಿರ ಕೇಳುವವರು ಬೇರೆಯವರಿದ್ದಾರೆ. ನನ್ನದು ಒಂದೇ ಕೋರಿಕೆ. ಸ್ಲೋನಲ್ಲಿರುವಾಗ ಇಂಜಿನ್ ನಿಲ್ಲದಿರಲಿ.

ಅಳಿವೆಯ ಬಾಯಿ ನಿನಗೆ ಗೊತ್ತು. ಪಂಚಗಂಗಾವಳಿ ಹೊಳೆಯ ಕೆಂಪು ನೀರು ಹೊರಗೆ ನುಗ್ಗುವ ಜಾಗದಲ್ಲಿ ನಿನ್ನ ಅಲೆ ಒಳಗೆ ನುಗ್ಗುತ್ತದೆ. ಮರಳು ತುಂಬಿದ ಕಡೆ ಅಲೆ ಎದ್ದು ಒಡೆಯುತ್ತದೆ. ದೋಣಿ ನಡೆಸುವ ತಂಡೇಲ ಅಲ್ಲಿ ರೇಸ್ ಕೊಟ್ಟು ನುಗ್ಗುವುದಿಲ್ಲ, ಕಾಯುತ್ತಾನೆ. ಗೇರಿನಲ್ಲೇ ಇಟ್ಟು, ರೇಸ್ ಪೂರ್ತಿ ಇಳಿಸಿ, ದೋಣಿಯ ಮೂತಿಯನ್ನು ಅಲೆಗೆ ನೇರ ಹಿಡಿದು, ದೊಡ್ಡ ಅಲೆಗಳ ಗುಂಪು ದಾಟಿಹೋಗುವುದನ್ನು ನೋಡುತ್ತಾನೆ. ತೆರಪು ಸಿಕ್ಕ ಗಳಿಗೆಯಲ್ಲಿ ರೇಸ್ ಕೊಡುತ್ತಾನೆ. ಆ ಕಾಯುವ ಹೊತ್ತಿನಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ಸತ್ತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ನಿಂತ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಹಗ್ಗ ಎಳೆದು ಮತ್ತೆ ಸ್ಟಾರ್ಟ್ ಮಾಡುವಷ್ಟು ಸಮಯವನ್ನು ನೀನು ಕೊಡುವುದಿಲ್ಲ.

ಆದ್ದರಿಂದ ‘ಓಡುವಾಗ ಸರಿ ಇದೆ, ಸ್ಲೋನಲ್ಲಿ ಮಾತ್ರ ಮಿಸ್ಸಿಂಗ್’ ಎಂಬ ಮಾತು ಕೇಳಿದರೆ ನನ್ನ ಎದೆ ಹಗುರಾಗುವುದಿಲ್ಲ. ಓಡುವಾಗ ಇಂಜಿನ್ ದೊಡ್ಡ ಜೆಟ್ಟಿನಿಂದ ಎಣ್ಣೆ ಕುಡಿಯುತ್ತದೆ, ಸಣ್ಣಪುಟ್ಟ ದೋಷವನ್ನು ವೇಗವೇ ನುಂಗಿಬಿಡುತ್ತದೆ. ಸ್ಲೋನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ನಿಮಿಷಕ್ಕೆ ಸಾವಿರದ ಆಸುಪಾಸು ಸುತ್ತು. ಆಗ ಜೀವ ಹಿಡಿದಿರುವುದು ಪೈಲಟ್ ಜೆಟ್ಟಿನ ಆ ಚಿಕ್ಕ ತೂತು ಮತ್ತು ಪ್ಲಗ್ಗಿನ ಒಂದು ಕಿಡಿ. ಎಷ್ಟೋ ದೋಷಗಳ ಮೊದಲ ಸುದ್ದಿ ಬರುವುದು ಇಲ್ಲಿಂದ.

ಪ್ಲಗ್ಗಿನ ವೈರು ತೆಗೆಯುವ ಮೊದಲು ಟ್ಯಾಂಕನ್ನು ನೋಡುವ ಬುದ್ಧಿ ಕೊಡು. ಮುಚ್ಚಳದ ಗಾಳಿ ಸ್ಕ್ರೂ ಬಿಗಿದೇ ಇದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಎಣ್ಣೆ ಬರುವುದು ನಿಲ್ಲುತ್ತದೆ. ಪೈಪಿನ ಕನೆಕ್ಟರಿನ ರಬ್ಬರ್ ರಿಂಗ್ ಸವೆದಿದ್ದರೆ ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ, ಕೈಯಲ್ಲಿ ಒತ್ತುವ ಬಲ್ಬ್ ಗಟ್ಟಿಯಾಗುವುದೇ ಇಲ್ಲ. ಇಷ್ಟನ್ನು ನೋಡದೆ ಕಾರ್ಬೊರೇಟರಿಗೆ ಸ್ಪ್ಯಾನರ್ ಹಾಕುವ ಆತುರ ನನಗೆ ಬಾರದಿರಲಿ.

ಫಿಲ್ಟರಿನ ಬಟ್ಟಲಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಸುರಿದು ಒಂದು ಗಳಿಗೆ ಬಿಡುತ್ತೇನೆ. ಮೇಲೆ ಎಣ್ಣೆ ನಿಲ್ಲುತ್ತದೆ, ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯೊಂದು ಬಾಟಲಿ ವಾಲಿಸಿದ ಕಡೆಗೆ ಉರುಳುತ್ತದೆ. ಅದು ನೀರು. ಮಳೆಗಾಲದಲ್ಲಿ ದೋಣಿಯೊಳಗೇ ಕ್ಯಾನಿನಿಂದ ಟ್ಯಾಂಕಿಗೆ ಎಣ್ಣೆ ಸುರಿಯುವವರಿಗೆ ಇದು ತಪ್ಪಿದ್ದಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಅದು ತೇವ ಹೀರುತ್ತದೆ, ಹೀರಿದ್ದು ಹೆಚ್ಚಾದಾಗ ನೀರಿನೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಒಂದು ತೊಟ್ಟು ನೀರು ಪೈಲಟ್ ಜೆಟ್ಟಿಗೆ ಬಂದು ಕೂತರೆ ಸಾಕು, ಇಂಜಿನ್ ನಿಲ್ಲುತ್ತದೆ. ತಾಯೇ, ನಿನ್ನ ನೀರು ದೋಣಿಯ ಹೊರಗೇ ಇರಲಿ.

ಸೀಮೆಎಣ್ಣೆಯ ವಿಚಾರವನ್ನೂ ಅರಿಕೆ ಮಾಡಬೇಕು. ನಮ್ಮ ಇಂಜಿನ್‌ಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುತ್ತವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಸ್ಲೋನಲ್ಲಿ ಬಹಳ ಹೊತ್ತು ಓಡಿದರೆ ಇಂಜಿನ್ ತಣ್ಣಗಾಗಿ ಸೀಮೆಎಣ್ಣೆ ಸರಿಯಾಗಿ ಆವಿಯಾಗದೆ ಪ್ಲಗ್ಗನ್ನು ತೋಯಿಸುತ್ತದೆ. ಅಳಿವೆ ಕಾಣುವ ಮೊದಲೇ ಪೆಟ್ರೋಲಿಗೆ ತಿರುಗಿಸಿಬಿಡುವ ತಂಡೇಲರ ಕೈಯನ್ನು ನಾನು ಗೌರವಿಸುತ್ತೇನೆ. ಪೆಟ್ರೋಲಿನ ದುಡ್ಡು ನೋಡಿ ಹಾಗೆ ಮಾಡದವರನ್ನು ಬಯ್ಯಲಾರೆ. ಸಬ್ಸಿಡಿ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಬಾರದ ತಿಂಗಳಲ್ಲಿ ಅವರ ಲೆಕ್ಕ ಹೇಗಿರುತ್ತದೆಂದು ನೋಡಿದ್ದೇನೆ. ಅವರಿಗೆ ಸಿಗಬೇಕಾದ್ದು ಸಿಗುವಂತೆ ಮಾಡು.

ಮೀನುಗಾರರ ದೈವ ಬೊಬ್ಬರ್ಯನಿಗೆ ಕೈಮುಗಿಯುವ ಈ ದಡದಿಂದ, ಈ ಯಂತ್ರವನ್ನು ಜನರ ಕೈಗಿಟ್ಟವನನ್ನೂ ನೆನೆಯುತ್ತೇನೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ದುಡಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಔಟ್‌ಬೋರ್ಡ್ ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೋ. ಹುಟ್ಟು ಹಾಕಿ ಭುಜ ಸೋತವರ ಮೇಲೆ ಅವನ ಋಣವಿದೆ.

ಇನ್ನು ಪ್ಲಗ್ಗಿನ ಕೆಲಸ. ಎರಡು ಸಿಲಿಂಡರಿನ ಇಂಜಿನ್ ಒಂದರಲ್ಲೇ ಉಸಿರಾಡುತ್ತಾ ನಮ್ಮನ್ನು ನಂಬಿಸುವುದುಂಟು. ಡ್ರಮ್ಮಿನ ನೀರಿನಲ್ಲಿ ಓಡಿಸಿ, ಒಂದು ಪ್ಲಗ್ಗಿನ ಕಿಡಿಯನ್ನು ಇಂಜಿನ್ನಿನ ಮೈಗೆ ಅರ್ತ್ ಮಾಡಿ ನೋಡುತ್ತೇನೆ. ಸದ್ದು ಕುಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಸದ್ದು ಬದಲಾಗದಿದ್ದರೆ ಸುಮ್ಮನಿದ್ದದ್ದು ಅದೇ. ಬಿಚ್ಚಿದ ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಸಮಾಧಾನ, ಕಪ್ಪಗೆ ಒದ್ದೆಯಾಗಿದ್ದರೆ ಕೆಲಸ ಇದೆ. ಕಾರ್ಬೊರೇಟರಿನ ಬಾಯಿಯಿಂದ ಎಣ್ಣೆ ಹಿಂದಕ್ಕೆ ಉಗುಳುತ್ತಿದ್ದರೆ ಒಳಗಿನ ರೀಡ್ ವಾಲ್ವಿನ ತೆಳು ಪಟ್ಟಿ ಸೀಳಿರಬಹುದು.

ಪೈಲಟ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ನನ್ನ ಕಣ್ಣು ಮಂಜಾಗದಿರಲಿ. ಅಕ್ಕಿಕಾಳಿಗಿಂತ ತುಸು ದೊಡ್ಡ ಹಿತ್ತಾಳೆ ತುಂಡು, ನಡುವೆ ಸೂಜಿಮೊನೆಯಷ್ಟು ಬೆಳಕು. ಹಳೆಯ ಪೆಟ್ರೋಲ್ ಒಣಗಿ ಅಂಟಾಗಿದ್ದರೆ ಆ ಬೆಳಕು ದುಂಡಗಿರುವುದಿಲ್ಲ, ಒಂದು ಅಂಚಿನಲ್ಲಿ ಕಚ್ಚಿದಂತಿರುತ್ತದೆ. ತಂತಿ ತೂರಿಸಲು ಕೈ ಹಾತೊರೆಯುತ್ತದೆ, ತಡೆ. ಉಕ್ಕಿನ ತಂತಿ ಹಿತ್ತಾಳೆಯನ್ನು ಕೊರೆದು ತೂತನ್ನು ದೊಡ್ಡದು ಮಾಡಿದರೆ ಅದು ಮತ್ತೆ ಹಳೆಯ ಅಳತೆಗೆ ಬಾರದು. ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು, ಮತ್ತೆ ನೆನೆಸುವ ತಾಳ್ಮೆ ಕೊಡು. ಪೈಲಟ್ ಸ್ಕ್ರೂವನ್ನು ಮೆಲ್ಲಗೆ ಕೂರುವವರೆಗೆ ಮಾತ್ರ ತಿರುಗಿಸಿ, ಆ ಇಂಜಿನಿಗೆ ಹೇಳಿದಷ್ಟೇ ಸುತ್ತು ಬಿಚ್ಚುವ ಹದ ನನ್ನ ಬೆರಳಿನಲ್ಲಿರಲಿ.

ಇಷ್ಟೆಲ್ಲ ಆಗುವಷ್ಟರಲ್ಲಿ ತಂಡೇಲ ಹಿಂದೆ ಬಂದು ನಿಂತಿರುತ್ತಾನೆ. “ಹೊತ್ತಾಯ್ತ್ ಮಾರಾಯಾ, ಆ ಸ್ಕ್ರೂ ಚೂರ್ ಏರ್ಸಿ ಕೊಡ್, ಸಾಕ್” ಎನ್ನುತ್ತಾನೆ. ಐಡ್ಲಿಂಗ್ ಸ್ಕ್ರೂ ಕಾಲು ಸುತ್ತು ಏರಿಸಿದರೆ ದಡದಲ್ಲಿ ಇಂಜಿನ್ ಚಂದಕ್ಕೆ ಹಾಡುತ್ತದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ನೀರು ನೀರಾಗಿಯೇ, ಅಂಟು ಅಂಟಾಗಿಯೇ ಒಳಗುಳಿದು ದೋಣಿಯ ಜೊತೆ ಅಳಿವೆಗೆ ಹೋಗುತ್ತದೆ. ಅಲ್ಲಿ ಗೇರು ಬೀಳುವಾಗ ಗಡ್ ಎಂದು ಬಡಿಯುತ್ತದೆ, ನಿಧಾನ ಬೇಕಾದಲ್ಲಿ ಇಂಜಿನ್ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಆ ಕಾಲು ಸುತ್ತನ್ನು ನಾನು ಯಾರ ಸಂಕೋಚಕ್ಕೂ ಕೊಡದಂತೆ ಕಾಯು ತಾಯೇ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಆಸೆ ತೋರಿಸುವ ಜಾಗ ಇನ್ನೊಂದಿಲ್ಲ.

ಕೊನೆಗೆ ಕಂಪ್ರೆಶನ್ ಗೇಜ್ ಹಾಕುತ್ತೇನೆ. ಎರಡು ಸಿಲಿಂಡರಿನ ಒತ್ತಡ ಹತ್ತಿರ ಹತ್ತಿರ ಇದ್ದರೆ ದೋಣಿ ಹೋಗಲಿ. ಒಂದರ ಮುಳ್ಳು ಕೆಳಗೇ ನಿಂತರೆ ಜೆಟ್ ತೊಳೆದು ಆಗುವ ಕೆಲಸವಲ್ಲ, ರಿಂಗೋ ಪಿಸ್ಟನ್ನೋ ಸವೆದಿರಬಹುದು. ಆಗ “ಇವತ್ತು ಬೇಡ ಅಣ್ಣ” ಎಂದು ಅವನ ಮುಖ ನೋಡಿ ಹೇಳುವ ಧೈರ್ಯ ನನಗೆ ಕೊಡು. ಅದನ್ನು ಕೇಳುವ ಮನಸ್ಸು ಅವನಿಗೆ ಕೊಡು. ಅವನ ದೋಣಿಯವರನ್ನು ಆ ದಿನ ಬೇರೆ ದೋಣಿಯವರು ಕರೆದುಕೊಳ್ಳಲಿ, ಸಂಜೆ ಮೀನು ಹಂಚುವಾಗ ಅವರ ಪಾಲನ್ನೂ ಎತ್ತಿಡಲಿ.