ಮೊದಲ ಸೆಮಿಸ್ಟರಿನ ಹೊರೆ

ಆಗಸ್ಟ್ ತಿಂಗಳು ಬಂತೆಂದರೆ ದೇವಸ್ಥಾನದಲ್ಲಿ ಅರ್ಚನೆಯ ಚೀಟಿಗಳ ಸಂಖ್ಯೆ ಏರುತ್ತದೆ. ಹೈಸ್ಕೂಲು ಮುಗಿಸಿ ಕಾಲೇಜಿನ ಡಾರ್ಮಿಗೆ ಹೊರಟು ನಿಂತ ಮಕ್ಕಳನ್ನು ಅಪ್ಪ ಅಮ್ಮ ಕರೆತಂದು ಸಂಕಲ್ಪ ಮಾಡಿಸುತ್ತಾರೆ. ಮಂಗಳಾರತಿ ಮುಗಿದು ಊಟದ ಹಾಲಿನಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ನಿಂತಾಗ ಮಾತು ಶುರುವಾಗುತ್ತದೆ. "ಪ್ರೀಮೆಡ್ಡಾ? ಎಷ್ಟು ಕ್ರೆಡಿಟ್ ತಗೊಂಡಿದಾಳೆ?" "ಹದಿನೆಂಟು." "ಓಹೋ!" ಆ ಓಹೋ ಎನ್ನುವುದರಲ್ಲಿ ಮೆಚ್ಚುಗೆಯಿದೆ. ಹದಿನಾಲ್ಕು ಎಂದವರು ಮಾತ್ರ ಅದರ ಜೊತೆಗೆ ಒಂದು ಕಾರಣವನ್ನೂ ಸೇರಿಸಿ ಹೇಳಬೇಕಾಗುತ್ತದೆ.

ಹೊರೆ ಹೆಚ್ಚಾದಷ್ಟೂ ಹೊತ್ತವರ ಹಿರಿಮೆ ಹೆಚ್ಚು ಎಂಬ ಈ ನಂಬಿಕೆ ಸರಿಯೇ? ಮೇಲ್ನೋಟಕ್ಕೆ ಇದು ಬರೀ ವೇಳಾಪಟ್ಟಿಯ ವಿಷಯ, ಕಾಲೇಜಿನ ಅಡ್ವೈಸರ್ ನೋಡಿಕೊಳ್ಳಬೇಕಾದದ್ದು. ಆದರೆ ಹದಿನೆಂಟು ವರ್ಷದ ಒಬ್ಬಳು ತನ್ನಿಂದ ಎಷ್ಟು ಸಾಧ್ಯ ಎಂಬುದನ್ನು ತನಗೂ ತನ್ನವರಿಗೂ ನಿಜವಾಗಿ ಹೇಳಬಲ್ಲಳೇ ಎಂಬುದು ನಮ್ಮ ದೃಷ್ಟಿಯಲ್ಲಿ ನೀತಿಯ ಪ್ರಶ್ನೆಯೇ ಸರಿ.

ಮೊದಲು ಸ್ವಲ್ಪ ಲೆಕ್ಕ. ಇಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಪದವಿಗೆ 120 ಕ್ರೆಡಿಟ್ ಬೇಕು. ಎಂಟು ಸೆಮಿಸ್ಟರಿಗೆ ಹಂಚಿದರೆ ತಲಾ 15. ಪೂರ್ಣಾವಧಿ ವಿದ್ಯಾರ್ಥಿ ಎನ್ನಿಸಿಕೊಳ್ಳಲು 12 ಸಾಕು. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಅದರ ಹೊರಗೆ ಕನಿಷ್ಠ ಎರಡು ಗಂಟೆ ಓದು ಎಂದು ಕೇಂದ್ರ ಸರ್ಕಾರದ ನಿಯಮದ ವ್ಯಾಖ್ಯೆಯೇ ಹೇಳುತ್ತದೆ. ಹಾಗಾಗಿ 15 ಕ್ರೆಡಿಟ್ ಎಂದರೆ ವಾರಕ್ಕೆ 45 ಗಂಟೆ, 18 ಎಂದರೆ 54. ಲ್ಯಾಬಿನ ಕಥೆ ಇನ್ನೂ ಬೇರೆ. ಕಾಗದದ ಮೇಲೆ ಒಂದೇ ಕ್ರೆಡಿಟ್ ಇರುವ ಕೆಮಿಸ್ಟ್ರಿ ಲ್ಯಾಬು ಮಧ್ಯಾಹ್ನದ ಮೂರು ಗಂಟೆಯನ್ನು ನುಂಗಿ, ವರದಿ ಬರೆಯಲು ರಾತ್ರಿಯನ್ನೂ ಕೇಳುತ್ತದೆ. ಬಟ್ಟೆ ಒಗೆಯುವುದು, ಊಟ ಹುಡುಕುವುದು, ಗುರುತಿಲ್ಲದ ರೂಮ್‌ಮೇಟಿನೊಡನೆ ಹೊಂದಿಕೊಳ್ಳುವುದು, ಮನೆ ನೆನಪಾಗಿ ಸುಮ್ಮನೆ ಕೂರುವುದು, ಇವಕ್ಕೆ ಕ್ರೆಡಿಟ್ಟೇ ಇಲ್ಲ. ಆದರೆ ಗಂಟೆಗಳು ಖರ್ಚಾಗುತ್ತವೆ.

ಹದಿನೆಂಟು ಕ್ರೆಡಿಟ್ಟಿನ ಆಸೆಗೆ ಇನ್ನೊಂದು ಕಾರಣವೂ ಉಂಟು. ಅನೇಕ ವಿಶ್ವವಿದ್ಯಾಲಯಗಳಲ್ಲಿ 12ರಿಂದ 18ರವರೆಗೆ ಫೀಸು ಒಂದೇ. ಬಫೆ ಊಟದ ಹಾಗೆ! ಕೊಟ್ಟ ದುಡ್ಡಿಗೆ ಒಂದು ಜಾಮೂನು ಹೆಚ್ಚು ಹಾಕಿಕೊಳ್ಳೋಣ ಎನ್ನುವ ನಮ್ಮ ಮಿತವ್ಯಯದ ಬುದ್ಧಿ ಇಲ್ಲೂ ಕೆಲಸ ಮಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕೆ ಹೇಳುತ್ತೇವೆಯೇ ಹೊರತು ಹೊತ್ತಿಗೆ ಹೇಳುವುದಿಲ್ಲ.

ಆದರೆ ಮೂಲ ಕಾರಣ ಇದಕ್ಕಿಂತ ಆಳದಲ್ಲಿದೆ. ನಮ್ಮಲ್ಲಿ ಬಹಳ ಮಂದಿ ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಬಂದವರು. ಅಲ್ಲಿ ವೈದ್ಯನಾಗುವುದು, ಆಗದಿರುವುದು ಹದಿನೇಳನೆಯ ವಯಸ್ಸಿನಲ್ಲೇ ತೀರ್ಮಾನವಾಗುತ್ತಿತ್ತು. ಮೊದಲು ಪಿಯುಸಿ ಅಂಕಗಳ ಮೇಲೆ, 1994ರಿಂದ ಸಿ.ಇ.ಟಿ. ರ‍್ಯಾಂಕಿನ ಮೇಲೆ, ಈಗ ನೀಟ್ ಪರೀಕ್ಷೆಯ ಮೇಲೆ. ಎರಡು ಮೂರು ಅಂಕದಲ್ಲಿ ಸರ್ಕಾರಿ ಸೀಟು ತಪ್ಪಿದರೆ, ಡೊನೇಷನ್ ಕೊಡಲಾಗದ ಮನೆಯವರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಆ ಎರಡು ವರ್ಷ ಟ್ಯೂಷನ್, ಟೆಸ್ಟು, ರಾತ್ರಿ ಓದು ಎಂದು ಎಲ್ಲವನ್ನೂ ಪಣಕ್ಕಿಡುವುದು ಅಲ್ಲಿ ವಿವೇಕವೇ ಆಗಿತ್ತು. ಓಟ ಚಿಕ್ಕದು, ಉಸಿರು ಕಟ್ಟಿ ಓಡಬಹುದಿತ್ತು.

ಇಲ್ಲಿನ ದಾರಿ ಉದ್ದ. ನಾಲ್ಕು ವರ್ಷ ಕಾಲೇಜು, ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಮೂರರಿಂದ ಏಳು ವರ್ಷ ರೆಸಿಡೆನ್ಸಿ. ಪ್ರೀಮೆಡ್ ಎನ್ನುವುದು ಒಂದು ಮೇಜರ್ ಅಲ್ಲ, ಸಂಗೀತ ಓದಿದವರೂ ಅರ್ಜಿ ಹಾಕಬಹುದು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವುಗಳನ್ನು ಲ್ಯಾಬಿನ ಸಮೇತ ಓದಿರಬೇಕು. 2015ರಲ್ಲಿ ಎಂಕ್ಯಾಟ್ ಪರೀಕ್ಷೆ ಬದಲಾದ ಮೇಲೆ ಬಯೋಕೆಮಿಸ್ಟ್ರಿ, ಸೈಕಾಲಜಿ, ಸೋಷಿಯಾಲಜಿಯೂ ಬೇಕಾಗಿವೆ. ಇವನ್ನೆಲ್ಲ ಮೊದಲ ವರ್ಷವೇ ಮುಗಿಸಬೇಕೆಂದು ಯಾರೂ ಹೇಳಿಲ್ಲ. ಇಂದು ಮೆಡಿಕಲ್ ಸ್ಕೂಲು ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದಾದರೂ ವರ್ಷ ಬೇರೆ ಕೆಲಸ ಮಾಡಿ ಬಂದವರು. ಅವಸರಕ್ಕೆ ಇಲ್ಲಿ ಬಹುಮಾನವಿಲ್ಲ.

ಬಹುಮಾನವಿಲ್ಲದಿದ್ದರೂ ಪೆಟ್ಟಿನ ಗುರುತು ಉಳಿಯುತ್ತದೆ. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗುವ ಆಮ್ಕಾಸ್ ವ್ಯವಸ್ಥೆ ಕಾಲೇಜಿನ ಪ್ರತಿಯೊಂದು ಗ್ರೇಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೋರ್ಸನ್ನು ಮತ್ತೆ ತೆಗೆದುಕೊಂಡು ಎ ಗಳಿಸಿದರೂ ಹಳೆಯ ಸಿ ಅಳಿಸಿಹೋಗುವುದಿಲ್ಲ, ಎರಡೂ ಸೇರುತ್ತವೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತಕ್ಕೆ ಪ್ರತ್ಯೇಕ ಸರಾಸರಿಯೂ ಉಂಟು. 2023ರಲ್ಲಿ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕಿದವರು 52 ಸಾವಿರಕ್ಕೂ ಹೆಚ್ಚು, ಸೇರಿದವರು ಸುಮಾರು 23 ಸಾವಿರ. ಇಷ್ಟು ಇಕ್ಕಟ್ಟಿನ ಬಾಗಿಲಿನ ಮುಂದೆ, ಮೊದಲ ಹದಿನೈದು ವಾರಗಳಲ್ಲಿ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ಮೂರನ್ನೂ ಎರಡೆರಡು ಲ್ಯಾಬಿನೊಡನೆ ಒಟ್ಟಿಗೆ ಹೊತ್ತು ಎಡವುವುದರಲ್ಲಿ ಏನು ಶೌರ್ಯ? ಕೆಮಿಸ್ಟ್ರಿ ಮತ್ತು ಅದರ ಲ್ಯಾಬು, ಒಂದು ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್, ಒಂದು ಬರವಣಿಗೆಯ ತರಗತಿ, ಮನಸ್ಸಿಗೆ ಹಿಡಿಸಿದ ಮತ್ತೊಂದು ವಿಷಯ, ಒಟ್ಟು 14 ಎಂದಿಟ್ಟುಕೊಂಡರೆ ಬಯಾಲಜಿ ಎರಡನೆಯ ಸೆಮಿಸ್ಟರಿನಲ್ಲೋ ಮರುವರ್ಷವೋ ಬರುತ್ತದೆ. ಬಯಾಲಜಿಯೇ ಮೇಜರ್ ಆದವರು ಗಣಿತವನ್ನು ಮುಂದೆ ಹಾಕಬಹುದು.

"ಇದು ಹೆದರಿ ಹಿಂದೆ ಸರಿಯುವುದಲ್ಲವೇ? ನಾವೆಲ್ಲ ಕಷ್ಟಪಟ್ಟೇ ಮೇಲೆ ಬಂದವರು" ಎಂದು ಹಿರಿಯರು ಕೇಳಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅವರು ಹೇಳುವ ಕಷ್ಟ ನಿಜವಾದದ್ದು. ಆದರೆ ಕಷ್ಟಪಡುವುದಕ್ಕೂ ಕಷ್ಟವನ್ನು ಪೇರಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಾಲ್ಕು ವಿಷಯವನ್ನು ಬುಡಸಹಿತ ಕಲಿಯುವವಳು ಆರು ವಿಷಯವನ್ನು ಪರೀಕ್ಷೆಯ ಹಿಂದಿನ ರಾತ್ರಿ ಗುಟುಕರಿಸುವವಳಿಗಿಂತ ಕಡಿಮೆ ದುಡಿಯುತ್ತಿಲ್ಲ. ನಾಟಿ ಮಾಡಿದ ಭತ್ತದ ಸಸಿ ಮೊದಲ ಕೆಲವು ದಿನ ಹಳದಿಯಾಗಿ ನಿಂತಿರುತ್ತದೆ, ಬೇರು ಹಿಡಿದ ಮೇಲೆ ಹಸಿರಾಗುತ್ತದೆ. ಊರಿನಲ್ಲಿ ಗದ್ದೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹೊರೆ ತಗ್ಗಿಸುವ ಹೆಸರಿನಲ್ಲಿ ಸುಲಭವಾಗಿ ಎ ಕೊಡುವ ಪ್ರೊಫೆಸರುಗಳನ್ನೇ ಹುಡುಕಿ ಹುಡುಕಿ ಪಟ್ಟಿ ಮಾಡುವ ಮಕ್ಕಳಿದ್ದಾರೆ. ಇದನ್ನು ನಾವು ಮೆಚ್ಚಲಾರೆವು. ಹೊರೆಯನ್ನು ಹಗುರ ಮಾಡಿಕೊಳ್ಳುವುದು ಬೇರೆ, ಓದನ್ನೇ ಟೊಳ್ಳು ಮಾಡಿಕೊಳ್ಳುವುದು ಬೇರೆ. ಎಪಿ ಕೆಮಿಸ್ಟ್ರಿಯಲ್ಲಿ 5 ಬಂದವರ ಪ್ರಶ್ನೆ ಇನ್ನೂ ಸೂಕ್ಷ್ಮ. ಜನರಲ್ ಕೆಮಿಸ್ಟ್ರಿಯನ್ನು ಬಿಟ್ಟು ನೇರ ಆರ್ಗ್ಯಾನಿಕ್‌ಗೆ ಹಾರಬೇಕೇ, ಅಥವಾ ಗೊತ್ತಿದ್ದದ್ದನ್ನೇ ಮತ್ತೆ ಕೂತು ಕೇಳಬೇಕೇ? ಎಪಿ ಕ್ರೆಡಿಟ್ಟನ್ನು ಕೆಲವು ಮೆಡಿಕಲ್ ಸ್ಕೂಲುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಕೆಲವು ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸು ಕೇಳುತ್ತವೆ. ಅದನ್ನು ಆಯಾ ಸ್ಕೂಲಿನ ನಿಯಮದಲ್ಲಿ ನೋಡಿಕೊಳ್ಳಬೇಕು. ಮೊದಲ ಸೆಮಿಸ್ಟರಿನಲ್ಲೇ ಆರ್ಗ್ಯಾನಿಕ್‌ಗೆ ಹಾರುವುದರಲ್ಲಿ ಹೆಚ್ಚಿನ ಪಾಲು ಹಮ್ಮೇ ಇರುತ್ತದೆ ಎಂದು ನಮಗೆ ತೋರುತ್ತದೆ. ಮತ್ತೆ ಕೂರುವುದು ಮೋಸವಲ್ಲ. ಮೋಸವಾಗುವುದು, ಗೊತ್ತಿರುವುದನ್ನೇ ಅಂಕಕ್ಕಾಗಿ ಕೂತು ಕೇಳಿ, ಉಳಿದ ಹೊತ್ತಿನಲ್ಲಿ ಏನನ್ನೂ ಕಲಿಯದಿದ್ದಾಗ.

ಹೊರೆಯ ವಿಷಯದಲ್ಲಿ ವೈದ್ಯವೃತ್ತಿ ತಾನೇ ಕಲಿತ ಪಾಠವೊಂದಿದೆ. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರವೆಂದು ಸೇರಿದ ಲಿಬ್ಬಿ ಜಯಾನ್ ಎಂಬ ಕಾಲೇಜು ಹುಡುಗಿ ಒಂದು ದಿನದೊಳಗೆ ತೀರಿಕೊಂಡಳು. ಅವಳಿಗೆ 18 ವರ್ಷ. ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ, ಒಂದೇ ರಾತ್ರಿಯಲ್ಲಿ ಹತ್ತಾರು ರೋಗಿಗಳ ಹೊಣೆ ಹೊತ್ತಿದ್ದ ಕಿರಿಯ ವೈದ್ಯರು. ಸಾವಿಗೆ ದಣಿವೊಂದೇ ಕಾರಣ ಎನ್ನಲಾಗದು, ಎರಡು ಔಷಧಗಳು ಒಂದಕ್ಕೊಂದು ಒಗ್ಗದ ಪ್ರಶ್ನೆಯೂ ಇತ್ತು, ವಾದ ವರ್ಷಗಟ್ಟಲೆ ನಡೆಯಿತು. ಆದರೆ ಪತ್ರಕರ್ತನಾಗಿದ್ದ ಅವಳ ತಂದೆ ಸಿಡ್ನಿ ಜಯಾನ್ ಸುಮ್ಮನಾಗಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ರೆಸಿಡೆಂಟುಗಳ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು, 2003ರಲ್ಲಿ ಆ ಮಿತಿ ಇಡೀ ದೇಶಕ್ಕೆ ಬಂತು. ಅದಕ್ಕೆ ಮೊದಲು ರೆಸಿಡೆನ್ಸಿ ಮಾಡಿದ ನಮ್ಮ ಹಿರಿಯ ವೈದ್ಯರು ಮೂವತ್ತಾರು ಗಂಟೆಯ ಪಾಳಿಯ ಕಥೆಗಳನ್ನು ನಗುತ್ತಲೇ ಹೇಳುತ್ತಾರೆ, ಅದರಿಂದಲೇ ಗಟ್ಟಿಯಾದೆವು ಎನ್ನುವವರೂ ಇದ್ದಾರೆ. ಇರಬಹುದು. ಆದರೆ "ನನಗೆ ಸಾಕಾಗಿದೆ, ಯಾರಾದರೂ ಬನ್ನಿ" ಎಂದು ಹೇಳಲು ಬಾರದ ವೈದ್ಯನ ಎದುರಿಗೆ ಮಲಗಿರುವ ರೋಗಿಗೆ ಆ ಗಟ್ಟಿತನದಿಂದ ಏನೂ ಪ್ರಯೋಜನವಿಲ್ಲ. ಹಾಗೆ ಹೇಳುವ ಅಭ್ಯಾಸ ಮೂವತ್ತನೆಯ ವಯಸ್ಸಿನಲ್ಲಿ ಥಟ್ಟನೆ ಬರುವಂಥದ್ದಲ್ಲ.

ಮನೆಯವರ ಪಾಲಿನ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಗ್ರೇಡುಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ಹೈಸ್ಕೂಲಿನಲ್ಲಿ ಪ್ರತಿ ರಾತ್ರಿ ಕಂಪ್ಯೂಟರಿನಲ್ಲಿ ಮಗನ ಅಂಕ ನೋಡಿ ಮಲಗುತ್ತಿದ್ದ ತಂದೆಗೆ ಇನ್ನು ಏನೂ ಕಾಣುವುದಿಲ್ಲ. ಟ್ಯಾಕ್ಸಿನಲ್ಲಿ ಅವಲಂಬಿತನೆಂದು ತೋರಿಸಿದ್ದರೆ ಕಾಲೇಜು ಬೇಕಿದ್ದರೆ ತಿಳಿಸಬಹುದು, ತಿಳಿಸಲೇಬೇಕೆಂದಿಲ್ಲ. ಉಳಿಯುವುದು ಭಾನುವಾರದ ಫೋನು ಮತ್ತು ಅದರಲ್ಲಿ ಬರುವ "ಚೆನ್ನಾಗಿದೀನಮ್ಮ" ಎಂಬ ಒಂದು ಮಾತು. ಆ ಮಾತು ನಿಜವಾಗಿರಬೇಕಾದರೆ, ಚೆನ್ನಾಗಿಲ್ಲ ಎಂದು ಹೇಳಿದರೂ ಮನೆಯಲ್ಲಿ ಆಕಾಶ ಬೀಳುವುದಿಲ್ಲ ಎಂಬ ಭರವಸೆ ಅವಳಿಗಿರಬೇಕು. ಊಟದ ಹಾಲಿನಲ್ಲಿ ಹದಿನೆಂಟು ಎಂದು ಹೇಳಿಬಿಟ್ಟ ಮೇಲೆ ಅದನ್ನು ಹದಿನಾಲ್ಕು ಮಾಡಿಕೊಳ್ಳಲು ಅವಳು ಕಾಲೇಜಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ.

ಹಣದ ತೊಂದರೆಯಿಂದ ಮೂರೇ ವರ್ಷದಲ್ಲಿ ಮುಗಿಸಬೇಕಾದ ಮನೆಗಳೂ ಇವೆ, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತಲೇ ಓದುವ ಮಕ್ಕಳೂ ಇದ್ದಾರೆ. ಅಲ್ಲಿ ಲೆಕ್ಕ ಬೇರೆ. ಆದರೆ ಕಾರಣ ಹಣವಾದರೆ ಹಣವೆಂದೇ ಮಕ್ಕಳಿಗೆ ಹೇಳಬೇಕು. ಅದನ್ನು ಸಾಮರ್ಥ್ಯದ ಪರೀಕ್ಷೆ ಎಂಬಂತೆ ಮುಂದಿಡಬಾರದು.

ಕೆಲಸಕ್ಕೆ ಬರುವ ಮಾತೊಂದು. ಸೆಮಿಸ್ಟರ್ ಶುರುವಾದ ಮೊದಲ ಒಂದೆರಡು ವಾರ ಕೋರ್ಸನ್ನು ಬಿಟ್ಟರೆ ಯಾವ ಗುರುತೂ ಉಳಿಯುವುದಿಲ್ಲ. ಆಮೇಲೆ ಕಾಲೇಜು ಗೊತ್ತುಮಾಡಿದ ದಿನದೊಳಗೆ ಬಿಟ್ಟರೆ ಡಬ್ಲ್ಯೂ ಎಂದು ಬರುತ್ತದೆ, ಅದು ಸರಾಸರಿಗೆ ಸೇರುವುದಿಲ್ಲ. ಒಂದು ಡಬ್ಲ್ಯೂನಿಂದ ಯಾರ ದಾರಿಯೂ ಮುಚ್ಚಿಹೋಗುವುದಿಲ್ಲ. 12ಕ್ಕಿಂತ ಕೆಳಗೆ ಹೋದರೆ ಮಾತ್ರ ಸ್ಕಾಲರ್‌ಶಿಪ್, ಸಾಲ ಏನಾಗುತ್ತವೆ ಎಂದು ಮೊದಲೇ ಕೇಳಿಕೊಳ್ಳಬೇಕು. ಮೊದಲ ಮಿಡ್‌ಟರ್ಮುಗಳು ಮುಗಿಯುವುದು ಹೆಚ್ಚುಕಡಿಮೆ ನವರಾತ್ರಿಯ ಹೊತ್ತಿಗೆ. ಕೋರ್ಸು ಬಿಡಲು ಕೊನೆಯ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆಯುಧಪೂಜೆಯ ಪಕ್ಕದಲ್ಲೇ ಬರೆದಿಡಿ. ಮಗಳು ಆ ವಾರಾಂತ್ಯ ಮನೆಗೆ ಬಂದರೆ, ಊಟವಾದ ಮೇಲೆ ಕೆಮಿಸ್ಟ್ರಿಯಲ್ಲಿ ಎಷ್ಟು ಬಂತು ಎನ್ನುವುದಕ್ಕೆ ಮೊದಲು, ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದೀಯ ಎಂದು ಕೇಳಿ ನೋಡಿ.