ಆ ರಾತ್ರಿ ಕೂಗಿದ್ದು ಯಾರು?

ಇಪ್ಪತ್ತೆರಡು ವರ್ಷದಿಂದ ‘ಜೇನ್ ಏರ್’ ಪಾಠ ಮಾಡುತ್ತಿದ್ದೇನೆ. ಹುಡುಗಿಯರು ಬದಲಾದರೂ ಅವರ ಪ್ರಶ್ನೆಗಳು ಬದಲಾಗಿಲ್ಲ. ಅಷ್ಟು ಪ್ರೀತಿಸಿದವನನ್ನು ಯಾಕೆ ಬಿಟ್ಟು ಹೋದಳು ಮೇಡಂ? ರೋಚೆಸ್ಟರ್ ಡೈವೋರ್ಸ್ ತಗೋಬಹುದಿತ್ತಲ್ಲ? ಆಮೇಲೆ ಹಿಂದಿನ ಬೆಂಚಿನಿಂದ, ನಗು ತಡೆದುಕೊಂಡು: ಅಷ್ಟು ದೂರದಿಂದ ಅವನು ಕೂಗಿದ್ದು ಇವಳಿಗೆ ಹೇಗೆ ಕೇಳಿಸಿತು?

ಡೈವೋರ್ಸಿನದು ಸುಲಭ. ಕಾದಂಬರಿ ಬಂದದ್ದು 1847ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಮತ್ತೆ ಮದುವೆಯಾಗಬಹುದಾದಂಥ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯೇ ಪಾಸಾಗಬೇಕಿತ್ತು. ರೋಚೆಸ್ಟರನ ಹೆಂಡತಿಗೆ ಹುಚ್ಚು; ಸಂಗಾತಿಯ ಹುಚ್ಚನ್ನು ಅಲ್ಲಿಯ ಕಾನೂನು ಕಾರಣವೆಂದು ಒಪ್ಪಿದ್ದು 1937ರಲ್ಲಿ. ಕೂಗಿನ ಪ್ರಶ್ನೆ ಬಂದಾಗ ಮಾತ್ರ ನಾನು ಬೋರ್ಡಿನ ಮೇಲೆ ‘ಗಾಥಿಕ್’ ಎಂದು ಬರೆದು ಜಾರಿಕೊಳ್ಳುತ್ತಿದ್ದೆ.

ಒಮ್ಮೆ ತರಗತಿಗೆ 1943ರ ಚಿತ್ರ ತೋರಿಸಿದೆ. ಆರ್ಸನ್ ವೆಲ್ಸ್, ಜೋನ್ ಫಾಂಟೇನ್ ನಟಿಸಿದ್ದು. ಅದರಲ್ಲಿ ಸೇಂಟ್ ಜಾನ್ ರಿವರ್ಸ್ ಎಂಬ ಪಾದ್ರಿಯೇ ಇಲ್ಲ. ರಿವರ್ಸ್ ಎಂಬ ಹೆಸರು ಒಬ್ಬ ಡಾಕ್ಟರಿಗೆ ಹೋಗಿದೆ. ಕೂಗು ಕೇಳಿಸಿದಾಗ ಹುಡುಗಿಯರು ನಕ್ಕರು. ನನಗೂ ನಗು ಬಂತು. ಪುಸ್ತಕದಲ್ಲಿ ಮೈ ಜುಮ್ಮೆನ್ನುವ ಜಾಗ ಇಲ್ಲೇಕೆ ಹೀಗಾಯಿತು ಎಂದು ಆ ರಾತ್ರಿ 35ನೇ ಅಧ್ಯಾಯ ತೆಗೆದು ಕೂತೆ.

ಇರುವ ಒಂದು ಮೇಣದಬತ್ತಿ ಆರುತ್ತಿದೆ. ಕೋಣೆ ತುಂಬ ಬೆಳದಿಂಗಳು. ಸೇಂಟ್ ಜಾನ್ ಮಿಷನರಿಯಾಗಿ ಭಾರತಕ್ಕೆ ಹೊರಟವನು. ಜೇನ್‌ಗೆ ಹಿಂದೂಸ್ತಾನಿ ಕಲಿಸಿದ್ದಾನೆ, ಹೆಂಡತಿಯಾಗಿ ಬಾ ಎನ್ನುತ್ತಿದ್ದಾನೆ. ಪ್ರೀತಿಯಿದೆ ಎಂದು ಸುಳ್ಳು ಹೇಳುವುದಿಲ್ಲ. ಅವಳು ಹುಟ್ಟಿರುವುದೇ ದುಡಿಮೆಗೆ ಎಂಬುದು ಅವನ ಲೆಕ್ಕ. ತಂಗಿಯಾಗಿ ಬರುತ್ತೇನೆ ಎಂದರೆ ಒಪ್ಪುವುದಿಲ್ಲ. ತನಗೆ ಇಲ್ಲವೆಂದರೆ ದೇವರಿಗೇ ಇಲ್ಲವೆಂದಂತೆ ಎನ್ನುತ್ತಾನೆ. ಮನುಷ್ಯ ಕೆಟ್ಟವನಾಗಿದ್ದರೆ ಬಾಗಿಲು ತೋರಿಸಬಹುದಿತ್ತು. ಅವನ ಕೈ ಅವಳ ತಲೆಯ ಮೇಲಿದೆ. ಇದೇ ದೈವೇಚ್ಛೆಯೆಂದು ಖಾತ್ರಿಯಾದರೆ ಈಗಲೇ ಹೂಂ ಎನ್ನುವಷ್ಟು ಅವಳು ಸೋತಿದ್ದಾಳೆ. ದಾರಿ ತೋರಿಸು ಎಂದು ಬೇಡಿಕೊಳ್ಳುತ್ತಾಳೆ. ಆಗ ಅವಳ ಹೆಸರು ಮೂರು ಸಲ ಕೇಳಿಸುತ್ತದೆ.

ಪಾದ್ರಿಯನ್ನು ತೆಗೆದುಬಿಟ್ಟರೆ ಅದು ಪ್ರೇಮಿಯೊಬ್ಬನ ಕೂಗು, ಅಷ್ಟೆ. ಹುಡುಗಿಯರು ನಕ್ಕದ್ದರಲ್ಲಿ ತಪ್ಪಿಲ್ಲ. ಪುಸ್ತಕದಲ್ಲಿ ಅದು ಮೊರೆಗೆ ಬಂದ ಓಗೊಡುವಿಕೆ. ದೇವರ ವಕಾಲತ್ತು ವಹಿಸಿದವನು ಎದುರಿಗೇ ನಿಂತಿದ್ದಾನೆ, ಉತ್ತರ ಮಾತ್ರ ಅವನ ಬಾಯಿಂದ ಬರಲಿಲ್ಲ. ರೋಚೆಸ್ಟರನನ್ನು ಬಿಟ್ಟುಹೋದ ರಾತ್ರಿಯೂ ಹೀಗೇ. ಕನಸಿನಲ್ಲಿ ಚಂದ್ರ ತಾಯಿಯ ರೂಪ ತಾಳಿ, ಓಡಿಹೋಗು ಮಗಳೇ ಎಂದಿದ್ದ. ಎರಡು ಸಲವೂ ಯಾರೋ ಅವಳ ಬದುಕಿನ ಅರ್ಥ ಹೇಳಿಕೊಡಲು ಬಂದಿದ್ದರು. ಎರಡು ಸಲವೂ ಅವಳು ತನ್ನ ಕಿವಿಯನ್ನೇ ನಂಬಿದಳು.

ಕಾದಂಬರಿ ಬರೆದ ಶಾರ್ಲೆಟ್ ಬ್ರಾಂಟೆ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು. ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ಇದ್ದ ಶಾಲೆಯಿಂದ ಕಾಯಿಲೆ ಹಿಡಿದು ಮನೆಗೆ ಬಂದ ಇಬ್ಬರು ಅಕ್ಕಂದಿರು, ಮರಿಯಾ ಮತ್ತು ಎಲಿಜಬೆತ್, 1825ರಲ್ಲಿ ತೀರಿಕೊಂಡರು. ದೇವರ ಹೆಸರಿನಲ್ಲಿ ಮಾತಾಡುವವರನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಹಾಗಿದ್ದೂ ಕಾದಂಬರಿಯ ಕೊನೆಯ ಮಾತನ್ನು ಕೊಟ್ಟದ್ದು, ಭಾರತದಲ್ಲಿ ಸಾವಿಗೆ ಕಾದಿರುವ ಸೇಂಟ್ ಜಾನನಿಗೆ. 2011ರ ಚಿತ್ರದಲ್ಲಿ ಅವನಿದ್ದಾನೆ, ಈ ಕೊನೆಯ ಪುಟವಿಲ್ಲ. ಪ್ರೇಮಿಗಳು ಸೇರಿದಲ್ಲಿಗೆ ಮುಗಿಯುತ್ತದೆ. ಸೇಂಟ್ ಜಾನನಿಗೆ ಕೇಳಿಸಿದ ಕರೆ ಸುಳ್ಳೆಂದು ಜೇನ್ ಎಲ್ಲೂ ಹೇಳುವುದಿಲ್ಲ. ಅದು ಅವನದು, ಇವಳದಲ್ಲ.

ಕಳೆದ ವರ್ಷ ಒಬ್ಬಳು ಬಿಡಲಿಲ್ಲ: “ಹಾಗಾದರೆ ಕೂಗಿದ್ದು ದೇವರಾ, ರೋಚೆಸ್ಟರಾ?” ಕಾದಂಬರಿಯ ಕೊನೆಯ ಹತ್ತಿರ ರೋಚೆಸ್ಟರ್ ತಾನಾಗಿಯೇ ಹೇಳುತ್ತಾನೆ: ಅದೇ ಸೋಮವಾರ ರಾತ್ರಿ ಪ್ರಾರ್ಥಿಸಿ ನಿನ್ನನ್ನು ಕೂಗಿದೆ, ಬರುತ್ತೇನೆ ಎಂಬ ಉತ್ತರವೂ ಕೇಳಿಸಿತು ಎಂದು. ನನಗೂ ಕೇಳಿಸಿತ್ತು ಎನ್ನಲು ಜೇನ್‌ಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವಳು ಹೇಳುವುದಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆ.

ಆ ಭಾಗ ಓದಿ ಹೇಳಿದೆ. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ.