ಉಣ್ಣದ ನಾಯಿಯ ಮುಂದೆ

ಮನೆ ಕಾಯುವ ನಾಯಿ ಒಂದು ದಿನ ಅನ್ನವನ್ನು ಮೂಸಿ, ಮುಖ ತಿರುಗಿಸಿ ಮೂಲೆಯಲ್ಲಿ ಮಲಗಿಬಿಡುತ್ತದೆ. ಆಗ ನಮ್ಮಲ್ಲಿ ಬಹಳ ಮಂದಿ ಹೇಳುವುದು ಒಂದೇ ಮಾತು: 'ಹಸಿವಾದರೆ ತಾನೇ ತಿನ್ನುತ್ತದೆ, ಬಿಡಿ.' ಆರೋಗ್ಯವಂತ ನಾಯಿಯ ಮಟ್ಟಿಗೆ ಇದು ಸರಿಯಿರಬಹುದು. ಕಾಯಿಲೆ ಬಿದ್ದ ನಾಯಿಯ ಮಟ್ಟಿಗೆ ಸರಿಯಲ್ಲ. ಏಕೆಂದರೆ ಕಾಯಿಲೆಯು ಅದರಿಂದ ಕಸಿದುಕೊಂಡಿರುವುದು ಹಸಿವನ್ನೇ. ಹಸಿವನ್ನೇ ಕಳೆದುಕೊಂಡ ಜೀವಕ್ಕೆ ಹಸಿವಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಒಲ್ಲೆನೆನ್ನುವ ನಾಯಿಯನ್ನು ಪುಸಲಾಯಿಸಿ ಉಣಿಸುವುದು ನಮ್ಮ ಕರ್ತವ್ಯವೇ? ಅಥವಾ ಅದು ಕೆಲಸವಿಲ್ಲದವರ ಮುದ್ದೇ?

ಮುಸ್ಲಿಮ್ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ನಾಯಿ ನಜಸ್ ಅಲ್ಲವೇ ಎಂದು ಕೂಡಲೇ ಕೇಳಲಾಗುತ್ತದೆ. ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಕಾರ ನಾಯಿಯ ಒದ್ದೆ ತಾಗಿದರೆ ಏಳು ಬಾರಿ, ಅದರಲ್ಲಿ ಒಂದು ಬಾರಿ ಮಣ್ಣು ಬೆರೆಸಿ ತೊಳೆಯಬೇಕು. ಹನಫೀಗಳು ಅದರ ಜೊಲ್ಲನ್ನು ಅಶುದ್ಧವೆನ್ನುತ್ತಾರೆ. ಮಾಲಿಕೀಗಳು ನಾಯಿಯನ್ನು ಅಶುದ್ಧವೆಂದು ಪರಿಗಣಿಸುವುದಿಲ್ಲ. ಬೇಟೆಗೆ, ಜಾನುವಾರು ಕಾಯಲು, ಬೆಳೆ ಕಾಯಲು ನಾಯಿ ಸಾಕುವುದಕ್ಕೆ ಅನುಮತಿಯಿದೆ. ಇವೆಲ್ಲ ನಮ್ಮ ಕೈ, ನಮ್ಮ ಬಟ್ಟೆ, ನಮ್ಮ ನಮಾಝಿಗೆ ಸಂಬಂಧಿಸಿದ ನಿಯಮಗಳು. ಇವು ನಾಯಿಯ ಮೇಲೆ ಕೊಟ್ಟ ತೀರ್ಪುಗಳಲ್ಲ. ಹಸುಗೂಸಿನ ಮಲಮೂತ್ರವೂ ಅಶುದ್ಧವೇ. ಆ ಕಾರಣಕ್ಕೆ ಯಾವ ತಾಯಿಯೂ ಮಗುವನ್ನು ತಾತ್ಸಾರ ಮಾಡುವುದಿಲ್ಲ. ಎತ್ತಿಕೊಳ್ಳುತ್ತಾಳೆ, ಬಳಿಕ ತೊಳೆದುಕೊಳ್ಳುತ್ತಾಳೆ. ತೊಳೆಯುವ ನಿಯಮ ಇರುವುದರಿಂದಲೇ ಮುಟ್ಟಬೇಕಾದಾಗ ಮುಟ್ಟುವುದು ಸಾಧ್ಯವಾಗುತ್ತದೆ. ಆದರೆ ನಾವು ಶುದ್ಧಿಯ ನಿಯಮವನ್ನು ತಿರಸ್ಕಾರದ ಪರವಾನಗಿಯನ್ನಾಗಿ ಮಾಡಿಕೊಂಡಿದ್ದೇವೆ.

ಪವಿತ್ರ ಕುರ್‌ಆನ್‌ನ ಅಲ್ ಕಹ್‌ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಜೊತೆ ಅವರ ನಾಯಿಯೂ ಉಲ್ಲೇಖಗೊಂಡಿದೆ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೆ ಬಂದು ಕುಡಿಸಿದವನ ಪಾಪ ಕ್ಷಮಿಸಲ್ಪಟ್ಟಿತೆಂಬ ಹದೀಸ್ ನಮಗೆಲ್ಲ ಗೊತ್ತು. ಆದರೆ ಬಾಯಾರಿದ ನಾಯಿ ನೀರು ಕಂಡರೆ ತಾನೇ ಕುಡಿಯುತ್ತದೆ. ಕಾಯಿಲೆಯ ನಾಯಿಯ ವಿಷಯ ಹಾಗಲ್ಲ. ಅಲ್ಲಿ ಕೊಡುವುದಷ್ಟೇ ಸಾಲದು, ತಿನ್ನುವ ಬಯಕೆಯನ್ನೂ ಎಬ್ಬಿಸಬೇಕು. ದಾನಕ್ಕಿಂತ ಇದು ಕಷ್ಟ. ದಾನಕ್ಕೆ ಅನ್ನವಿದ್ದರೆ ಸಾಕು, ಇದಕ್ಕೆ ಸಮಯ ಬೇಕು.

ನಾಯಿ ರುಚಿಗಿಂತ ಹೆಚ್ಚಾಗಿ ವಾಸನೆಯಿಂದ ಉಣ್ಣುವ ಪ್ರಾಣಿ. ಆದ್ದರಿಂದ ತಣ್ಣಗಿನ ಅನ್ನಕ್ಕಿಂತ ಉಗುರುಬೆಚ್ಚಗೆ ಮಾಡಿದ ಅನ್ನ ಅದನ್ನು ಬೇಗ ಸೆಳೆಯುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿದ, ಎಲುಬು ತೆಗೆದ ಕೋಳಿ ಮಾಂಸವನ್ನು ಮೆತ್ತಗಿನ ಅನ್ನದಲ್ಲಿ ಹಿಸುಕಿ ಎರಡು ಚಮಚದಷ್ಟು ಮಾತ್ರ ಇಡಬೇಕು. ತಟ್ಟೆ ತುಂಬ ಸುರಿದರೆ ಕಾಯಿಲೆಯ ಜೀವಕ್ಕೆ ನೋಡಿದಾಗಲೇ ಬೇಸರ. ಮಾಂಸ ಬೇಯಿಸಿದ ನೀರನ್ನು ಮೇಲೆ ಹನಿಸಬಹುದು. ನಮ್ಮ ಊಟದ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಕೈಯಿಂದ ಕೊಡಲು ಮನಸ್ಸೊಪ್ಪದವರು ಬಾಳೆಲೆಯ ಚೂರಿನಲ್ಲಿಟ್ಟು ಮೂಗಿನ ಬಳಿ ಹಿಡಿಯಬಹುದು. ಒಲ್ಲೆನೆಂದರೆ ಕಾಲು ಗಂಟೆಯಲ್ಲಿ ತೆಗೆದು, ಕೆಲವು ಗಂಟೆಗಳ ನಂತರ ಹೊಸದಾಗಿ ಇಡಬೇಕು. ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ, ಮರಿಯಾಗಿದ್ದರೆ, ವಾಂತಿ ಭೇದಿಯಿದ್ದರೆ ಅಥವಾ ನೀರನ್ನೂ ಬಿಟ್ಟರೆ ಪಶುವೈದ್ಯರ ಬಳಿಗೆ ಒಯ್ಯುವುದೇ ದಾರಿ. ಉಣ್ಣೆಗಳಿಂದ ಬರುವ ಜ್ವರ, ಪಾರ್ವೊ, ಮೂತ್ರಪಿಂಡದ ರೋಗ ಇವಾವುದೂ ಪುಸಲಾವಣೆಯಿಂದ ಗುಣವಾಗುವುದಿಲ್ಲ. ಜೊಲ್ಲು ಸುರಿಸುತ್ತಾ, ನುಂಗಲಾರದೆ, ಸ್ವಭಾವವೇ ಬದಲಾದ ನಾಯಿಯ ಬಾಯಿಗೆ ಕೈ ಹಾಕಲೇಬಾರದು. ಅದು ರೇಬಿಸ್ ಇರಬಹುದು. ದಯೆಗೆ ಎಚ್ಚರವೂ ಬೇಕು.

ಇನ್ನು ಪುಸಲಾಯಿಸುವುದರ ನೈತಿಕತೆ. ಆಸೆ ತೋರಿಸಿ ಒಲಿಸುವುದು ಶೈತಾನನ ಕೆಲಸವೆಂದು ಕೇಳಿ ಬೆಳೆದವರು ನಾವು. ಹದೀಸ್ ಸಂಗ್ರಾಹಕರೊಬ್ಬರ ಬಗ್ಗೆ ಪ್ರವಚನಗಳಲ್ಲಿ ಒಂದು ಕತೆ ಹೇಳುವುದುಂಟು. ಅವರು ಹದೀಸ್ ಕೇಳಲು ದೂರದಿಂದ ಒಬ್ಬನ ಬಳಿಗೆ ಬಂದಾಗ ಆತ ಖಾಲಿ ಸೆರಗನ್ನು ಮೇವು ತುಂಬಿದಂತೆ ಹಿಡಿದು ಕುದುರೆಯನ್ನು ಕರೆಯುತ್ತಿದ್ದನಂತೆ. ಪ್ರಾಣಿಗೆ ಸುಳ್ಳು ಹೇಳುವವನ ಮಾತನ್ನು ನಂಬಲಾರೆ ಎಂದು ಅವರು ಹಿಂದಿರುಗಿದರಂತೆ. ಕತೆಯ ಐತಿಹಾಸಿಕತೆ ಏನೇ ಇರಲಿ, ಅದರ ವಿವೇಕ ದೊಡ್ಡದು. ಅಲ್ಲಿ ತಪ್ಪು ಇದ್ದದ್ದು ಆಸೆ ತೋರಿಸಿದ್ದರಲ್ಲಲ್ಲ, ಸೆರಗು ಖಾಲಿಯಿದ್ದುದರಲ್ಲಿ. ನಾವು ತೋರಿಸುವ ಅನ್ನ ನಿಜವಾಗಿದ್ದರೆ, ಅದರಿಂದ ಆಗುವ ಒಳಿತು ನಾಯಿಯದೇ ಆಗಿದ್ದರೆ, ಆ ಪುಸಲಾವಣೆಯಲ್ಲಿ ಮೋಸವಿಲ್ಲ. ಆದರೆ ಕಹಿ ಮಾತ್ರೆಯನ್ನು ಅದರ ಪ್ರೀತಿಯ ತಿನಿಸಿನಲ್ಲಿ ಅಡಗಿಸಿದರೆ, ಕಹಿ ನಾಲಿಗೆಗೆ ತಾಗಿದ ನಾಯಿ ಮತ್ತೆ ಆ ತಿನಿಸನ್ನೇ ನಂಬದಿರಬಹುದು. ಮದ್ದು ಬೇರೆ, ಅನ್ನ ಬೇರೆ ಇರುವುದು ಒಳ್ಳೆಯದು.

ಒಲಿಸುವುದಕ್ಕೂ ಬಲಾತ್ಕರಿಸುವುದಕ್ಕೂ ನಡುವೆ ಗೆರೆಯಿದೆ. ರೋಗಿಗಳನ್ನು ತಿನ್ನಲು, ಕುಡಿಯಲು ಬಲವಂತ ಮಾಡಬಾರದೆಂದೂ ಅಲ್ಲಾಹನೇ ಅವರಿಗೆ ಉಣಿಸುತ್ತಾನೆಂದೂ ಪ್ರವಾದಿ(ಸ)ರು ತಿಳಿಸಿದ್ದಾಗಿ ತಿರ್ಮಿದಿಯ ಸಂಗ್ರಹದಲ್ಲಿದೆ. ಅದು ಮನುಷ್ಯರ ಕುರಿತಾದ ಮಾತು. ಆದರೆ ಬೇಡವೆಂದು ಬಾಯಿಬಿಟ್ಟು ಹೇಳಲಾರದ ಜೀವಕ್ಕೆ ಅದು ಇನ್ನಷ್ಟು ಸಲ್ಲಬೇಕಲ್ಲವೇ? ಪಶುವೈದ್ಯರೂ ಅದನ್ನೇ ಹೇಳುತ್ತಾರೆ. ನಿತ್ರಾಣಗೊಂಡ ನಾಯಿಯ ಬಾಯಿ ಬಿಡಿಸಿ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಓಕರಿಕೆಯ ಹೊತ್ತಿನಲ್ಲಿ ತುರುಕಿದ ಆಹಾರವನ್ನು ಅದು ಮುಂದೆಯೂ ದ್ವೇಷಿಸಬಹುದು. ತಟ್ಟೆ ಖಾಲಿಯಾಗಲೆಂಬ ನಮ್ಮ ಹಟದಲ್ಲಿ ಎಷ್ಟೋ ಸಲ ಪ್ರೀತಿಗಿಂತ ನಮ್ಮ ಭಯವೇ ಹೆಚ್ಚಿರುತ್ತದೆ. ಹಾಸಿಗೆ ಹಿಡಿದ ತಂದೆ ತಾಯಿಯರಿಗೆ ಉಣಿಸುವಾಗಲೂ ನಾವು ಇದನ್ನು ನೆನಪಿಡಬೇಕು.

'ಮನುಷ್ಯರೇ ಹಸಿದಿರುವಾಗ ನಾಯಿಗೆ ಕೋಳಿಯೇ?' ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬಿಸಿಕೊಳ್ಳುವುದನ್ನು ಧರ್ಮ ಒಪ್ಪುವುದಿಲ್ಲ. ಆದರೆ ಹಸಿದ ಮನುಷ್ಯನ ಪಾಲು ಹೋಗಿರುವುದು ಕಾಯಿಲೆಯ ನಾಯಿಯ ಎರಡು ಚಮಚ ಅನ್ನಕ್ಕಲ್ಲ. ಅದು ಹೋಗಿರುವುದು ನಮ್ಮ ಮದುವೆಗಳ ಎಂಜಲು ರಾಶಿಗೆ. ಅಲ್ಲದೆ, ನಾವು ಸರಪಳಿ ಹಾಕಿದ ಪ್ರಾಣಿಯ ಹೊಣೆ ನಮ್ಮದೇ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಣ್ಣಿಗೆ ಶಿಕ್ಷೆಯಾದ ಹದೀಸ್‌ನ ತಿರುಳು ಇದೇ. ಕಟ್ಟಿದವರಿಗೆ ಉಣಿಸುವ ಹೊಣೆಯಿದೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆಲೆ ಕೊಡದಿರುವುದನ್ನು ಅಪರಾಧವೆನ್ನುತ್ತದೆ. 1976ರ ತಿದ್ದುಪಡಿಯಿಂದ ಜೀವಿಗಳ ಮೇಲಿನ ಅನುಕಂಪ ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿ ಸೇರಿದೆ.

ಇನ್ನು ಕಾವಲಿಗೂ ಬಾರದ ಮುದಿ ನಾಯಿಯಾದರೆ? 13ನೆಯ ಶತಮಾನದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್‌ರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುಪ್ಪಿನಿಂದಲೋ ರೋಗದಿಂದಲೋ ಪ್ರಯೋಜನಕ್ಕೆ ಬಾರದಂತಾದರೂ ಅವುಗಳ ಪೋಷಣೆಗೆ ಖರ್ಚು ಮಾಡಬೇಕೆಂಬುದು ಆ ಹಕ್ಕುಗಳಲ್ಲೊಂದು. ಅವರು ಬಳಸಿದ ಪದ 'ಹಕ್ಕು' ಎಂಬುದನ್ನು ಗಮನಿಸಬೇಕು. ಮುದ್ದು ನಮ್ಮ ಮನಸ್ಸಿಗೆ ಬಂದಾಗ ಬರುತ್ತದೆ, ಬೇಸರವಾದಾಗ ಹೋಗುತ್ತದೆ. ಹಕ್ಕು ಹಾಗೆ ಹೋಗುವುದಿಲ್ಲ.

ಕೆಲವೊಮ್ಮೆ ಏನು ಮಾಡಿದರೂ ನಾಯಿ ಉಣ್ಣುವುದಿಲ್ಲ. ವೈದ್ಯರೂ ಕೈಚೆಲ್ಲುತ್ತಾರೆ. ಆಗ ತಟ್ಟೆಯನ್ನು ಸರಿಸಿ, ನೀರನ್ನು ಹತ್ತಿರವಿಟ್ಟು, ನೆರಳಿನಲ್ಲಿ ಗೋಣಿ ಹಾಸಿ, ನೊಣಗಳನ್ನು ಓಡಿಸುತ್ತಿರುವುದಷ್ಟೇ ಉಳಿಯುತ್ತದೆ. ಹಕ್ಕು ಸಲ್ಲಿಸುವ ಕೆಲಸ ಅಲ್ಲಿಗೂ ಮುಗಿದಿರುವುದಿಲ್ಲ. ಉಣಿಸಲು ಯತ್ನಿಸುವುದು ನಮಗೆ ಬಿಟ್ಟದ್ದು, ಉಳಿಸುವುದು ಅಲ್ಲಾಹನಿಗೆ ಬಿಟ್ಟದ್ದು. ಎರಡನೆಯದು ನಮ್ಮ ಕೈಯಲ್ಲಿಲ್ಲವೆಂದು ಮೊದಲನೆಯದನ್ನು ಬಿಟ್ಟರೆ ಅದಕ್ಕೆ ತವಕ್ಕುಲ್ ಎಂಬ ಹೆಸರು ಸಲ್ಲದು. ಅದು ಬರಿಯ ಆಲಸ್ಯ.